ಸಿಂಗಪುರ–ನೆವಾರ್ಕ್ ನೇರ ವಿಮಾನ: ದೂರಕ್ಕೆ ತಕ್ಕ ಸೇವೆಯೇ?

ಸಿಂಗಪುರದ ಚಾಂಗಿ ನಿಲ್ದಾಣದಿಂದ ನ್ಯೂಯಾರ್ಕ್ ಪಕ್ಕದ ನೆವಾರ್ಕಿಗೆ ನಡುವೆ ಎಲ್ಲಿಯೂ ಇಳಿಯದೆ ಹಾರುವ ಸಿಂಗಪುರ್ ಏರ್‌ಲೈನ್ಸ್ ವಿಮಾನವು ಜಗತ್ತಿನ ಅತಿ ದೂರದ ಸೇವೆಗಳಲ್ಲೊಂದು. ಅತಿ ಹತ್ತಿರದ ದಾರಿಯಲ್ಲಿ ಅಳೆದರೂ ಅಂತರ ಸುಮಾರು 15,340 ಕಿ.ಮೀ. ಗಂಟೆಗೆ 900 ಕಿ.ಮೀ. ವೇಗವೆಂದು ಭಾಗಿಸಿದರೆ ಹದಿನೇಳು ಗಂಟೆ ಸಾಕು. ವೇಳಾಪಟ್ಟಿಯಲ್ಲಿರುವುದು ಹದಿನೆಂಟೂವರೆ ಗಂಟೆಯ ಆಸುಪಾಸು. ರನ್‌ವೇ ತಲುಪಲು ಹಿಡಿಯುವ ಸಮಯ ಇದರಲ್ಲಿ ಸೇರಿರುವುದು ಒಂದು ಕಾರಣ. ಪೆಸಿಫಿಕ್ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಪ್ರಬಲ ಗಾಳಿಯ ನೆರವು ಸಿಗುವಂತೆ ಅಂದಂದಿನ ಹವಾಮಾನ ನೋಡಿ ಮಾರ್ಗವನ್ನು ಗೊತ್ತುಮಾಡುವುದರಿಂದ, ವಿಮಾನ ನಿಜವಾಗಿ ಕ್ರಮಿಸುವ ದೂರ ಮೇಲೆ ಹೇಳಿದ ಅಂತರಕ್ಕಿಂತ ಹೆಚ್ಚೇ ಆಗಿರುತ್ತದೆ. ಆದ್ದರಿಂದ ದೂರವನ್ನು ವೇಗದಿಂದ ಭಾಗಿಸಿ ಸಮಯ ತೋರಿಸುವ ಜಾಲತಾಣಗಳ ಅಂದಾಜಿಗಿಂತ ವೇಳಾಪಟ್ಟಿಯನ್ನೇ ನಂಬುವುದು ಲೇಸು.

ಈ ಸೇವೆ 2004ರಲ್ಲಿ ನಾಲ್ಕು ಎಂಜಿನ್‌ಗಳ ಏರ್‌ಬಸ್ ಎ340-500 ವಿಮಾನದೊಂದಿಗೆ ಆರಂಭವಾಗಿ, ಇಂಧನದ ಖರ್ಚು ನಿಭಾಯಿಸಲಾಗದೆ 2013ರಲ್ಲಿ ನಿಂತಿತ್ತು. 2018ರ ಅಕ್ಟೋಬರಿನಲ್ಲಿ ಅದಕ್ಕೆ ಮರುಜೀವ ಕೊಟ್ಟದ್ದು ಎರಡೇ ಎಂಜಿನ್‌ಗಳ ಎ350-900 ಯುಎಲ್‌ಆರ್, ಅಂದರೆ ಅತಿ ದೂರದ ಹಾರಾಟಕ್ಕೆಂದೇ ಮಾಡಿದ ಮಾದರಿ. ಇದರ ಟ್ಯಾಂಕುಗಳು 1,65,000 ಲೀಟರ್ ಇಂಧನ ಹಿಡಿಯುತ್ತವೆ. ಅಷ್ಟು ಭಾರ ಹೊರಬೇಕಾದ್ದರಿಂದ ಆಸನಗಳು 161 ಮಾತ್ರ: 67 ಬಿಸಿನೆಸ್, 94 ಪ್ರೀಮಿಯಂ ಎಕಾನಮಿ. ಸಾಮಾನ್ಯ ಎಕಾನಮಿ ದರ್ಜೆಯೇ ಇಲ್ಲ, ಹಾಗಾಗಿ ಅಗ್ಗದ ಟಿಕೆಟಿನ ಆಸೆಯನ್ನು ಮೊದಲೇ ಬಿಡಬೇಕು.

ಪ್ರೀಮಿಯಂ ಎಕಾನಮಿಯಲ್ಲಿ ನನಗೆ ತುಂಬ ಮೆಚ್ಚುಗೆಯಾದದ್ದು ಹಿಂಬದಿಯ ಕೆಲವು ಸಾಲುಗಳ ಒಂಟಿ ಆಸನಗಳು. ವಿಮಾನದ ಒಡಲು ಅಲ್ಲಿ ಕಿರಿದಾಗುವುದರಿಂದ ಕಿಟಕಿಯ ಬಳಿ ಎರಡರ ಬದಲು ಒಂದೇ ಆಸನವಿದೆ. ಪಕ್ಕದ ಪೆಟ್ಟಿಗೆಯಲ್ಲಿ ಶಾಲು, ಔಷಧಿ, ಕನ್ನಡಕಗಳನ್ನು ಕೈಗೆಟುಕುವಂತೆ ಇಟ್ಟುಕೊಳ್ಳಬಹುದು, ಯಾರನ್ನೂ ಎಬ್ಬಿಸದೆ ಎದ್ದು ಓಡಾಡಬಹುದು. ಹದಿನೆಂಟು ಗಂಟೆಯ ಪ್ರಯಾಣದಲ್ಲಿ ಕಾಲು ಬಾವು ಬರದಂತೆ ಆಗಾಗ ನಡೆಯಲೇಬೇಕಾದವರಿಗೆ ಇದು ದೊಡ್ಡ ಉಪಕಾರ. ಒಳಗಿನ ಗಾಳಿಯ ಒತ್ತಡವನ್ನು 6,000 ಅಡಿ ಎತ್ತರದ ಮಟ್ಟದಲ್ಲಿ ಕಾಯ್ದುಕೊಳ್ಳುವುದರಿಂದ, 8,000 ಅಡಿಯ ಮಟ್ಟಕ್ಕೆ ಹೋಗುವ ಹಳೆಯ ವಿಮಾನಗಳಿಗಿಂತ ಆಯಾಸ ಕಡಿಮೆ. ಊಟದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಸಸ್ಯಾಹಾರಿಗಳು ಮುಂಚಿತವಾಗಿ ತಿಳಿಸಿದರೆ ಸಾಕು.

ಫ್ರಾಂಕ್‌ಫರ್ಟ್‌ನಲ್ಲಿ ಇಳಿದು ಸಾಗುವ ಇದೇ ಸಂಸ್ಥೆಯ ವಿಮಾನಕ್ಕೆ ಹೋಲಿಸಿದರೆ ಇಲ್ಲಿ ನಾಲ್ಕೈದು ಗಂಟೆ ಉಳಿಯುತ್ತದೆ. ನ್ಯೂಜೆರ್ಸಿಯಲ್ಲಿ ಮಕ್ಕಳಿರುವ ಸಿಂಗಪುರದ ಹಿರಿಯರು ನಡುವೆ ಇಳಿದು ಮತ್ತೆ ತಪಾಸಣೆಗೆ ನಿಲ್ಲುವ ಕಷ್ಟ ತಪ್ಪುವುದಕ್ಕಾಗಿಯೇ ಹೆಚ್ಚಿನ ಹಣ ತೆರಬಹುದು ಎಂಬುದು ನನ್ನ ಖಚಿತ ಅಭಿಪ್ರಾಯ. ಬೆಂಗಳೂರಿನಿಂದ ಹೊರಡುವವರಿಗೆ ಮಾತ್ರ ಇದನ್ನು ಸೂಚಿಸಲಾರೆ: ಅಲ್ಲಿಂದ ನ್ಯೂಯಾರ್ಕಿಗೆ ನೇರ ಅಂತರ ಸುಮಾರು 13,300 ಕಿ.ಮೀ. ಇದ್ದರೆ, ಸಿಂಗಪುರದ ಮೂಲಕ ಅದು 18,500ಕ್ಕೆ ಏರುತ್ತದೆ. ಕೊಲ್ಲಿ ದೇಶಗಳ ಅಥವಾ ಯುರೋಪಿನ ಮಾರ್ಗವೇ ಅವರಿಗೆ ಹತ್ತಿರ.