ಹಸಿಕಸದಿಂದ ಗೊಬ್ಬರ: ಡಬ್ಬಿ, ಎರೆಹುಳು, ಬೊಕಾಶಿ – ಹೊಸಬರಿಗೆ ಯಾವುದು?

ಸಾವಯವ ಕೈತೋಟಕ್ಕೆ ಇಳಿಯುವವರು ಸಾಮಾನ್ಯವಾಗಿ ಮೊದಲು ಬೀಜ ಹುಡುಕುತ್ತಾರೆ. ನಾನಾದರೆ ಮೊದಲು ಗೊಬ್ಬರದ ವ್ಯವಸ್ಥೆ ಮಾಡಿಕೊಳ್ಳಿ ಎನ್ನುತ್ತೇನೆ. ರಾಸಾಯನಿಕ ಬೇಡ ಎಂದಮೇಲೆ ಗಿಡಕ್ಕೆ ಬೇಕಾದ್ದೆಲ್ಲ ಮಣ್ಣಿನಿಂದಲೇ ಸಿಗಬೇಕು, ಆ ಮಣ್ಣನ್ನು ಸಾಕುವುದು ಗೊಬ್ಬರ. ಅಡುಗೆಮನೆಯ ಹಸಿಕಸವನ್ನು ಗೊಬ್ಬರ ಮಾಡುವ ಮೂರು ವಿಧಾನಗಳನ್ನು ಒಂದೇ ಬಾಲ್ಕನಿಯಲ್ಲಿ ಅಕ್ಕಪಕ್ಕ ಇಟ್ಟು ನೋಡಿದ್ದೇನೆ.

ಮೊದಲನೆಯದು ತೂತು ಕೊರೆದ ಡಬ್ಬಿ. ಒಂದು ಹಿಡಿ ಸಿಪ್ಪೆಗೆ ಎರಡು–ಮೂರು ಹಿಡಿ ಒಣ ಎಲೆ, ಇಷ್ಟೇ ಲೆಕ್ಕ. ಕಸವನ್ನು ಕರಗಿಸುವ ಸೂಕ್ಷ್ಮಾಣುಗಳಿಗೆ ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಬೇಕು. ಸಿಪ್ಪೆಯಲ್ಲಿ ಸಾರಜನಕವೂ ನೀರೂ ಹೆಚ್ಚು, ಇಂಗಾಲವನ್ನು ಎಲೆ ತುಂಬಿಕೊಡುತ್ತದೆ. ಎಲೆ ಸಿಗದಿದ್ದರೆ ಹರಿದ ರಟ್ಟೂ ಆದೀತು.

ಈ ಡಬ್ಬಿ ನನಗೆ ಇಷ್ಟವಾಗುವುದು ಅದು ತನ್ನ ಕಷ್ಟವನ್ನು ತಾನೇ ಹೇಳುತ್ತದೆ ಎಂಬ ಕಾರಣಕ್ಕೆ. ಮುಚ್ಚಳ ತೆಗೆದಾಗ ಅಮೋನಿಯಾದ ಘಾಟು ಮೂಗಿಗೆ ಹೊಡೆದರೆ ಹಸಿಕಸ ಜಾಸ್ತಿಯಾಗಿದೆ, ಎಲೆ ಸೇರಿಸಬೇಕು. ಕೊಳೆತ ಮೊಟ್ಟೆಯ ನಾತ ಬಂದರೆ ಒಳಗೆ ಗಾಳಿಯಿಲ್ಲ, ತಳದವರೆಗೆ ಮಗುಚಬೇಕು. ಇರುವೆ ಗೂಡು ಕಟ್ಟಿದರೆ ಒಣಗಿದೆ ಎಂದರ್ಥ, ನೀರು ಚಿಮುಕಿಸಿ. ಒಂದು ಹಿಡಿ ತೆಗೆದು ಬಿಗಿಯಾಗಿ ಹಿಂಡಿದಾಗ ಬೆರಳ ಸಂದಿಯಲ್ಲಿ ಒಂದೆರಡು ಹನಿ ಜಿನುಗಿದರೆ ತೇವ ಸರಿಯಿದೆ. ಇಷ್ಟು ಕಲಿತವರಿಗೆ ಮುಂದೆ ಕುಂಡದ ಮಣ್ಣಿನ ತೇವವೂ ಕೈಗೇ ಗೊತ್ತಾಗುತ್ತದೆ.

ಕೊರತೆಯೂ ಇದೆ. ಸುಮಾರು ಒಂದು ಘನ ಮೀಟರಿನ ದೊಡ್ಡ ರಾಶಿ 55 ಡಿಗ್ರಿ ಸೆಲ್ಸಿಯಸ್ ದಾಟಿ ಕಾದು ಬೀಜಗಳನ್ನು ಸಾಯಿಸುತ್ತದೆ. ಚಿಕ್ಕ ಡಬ್ಬಿ ಅಷ್ಟು ಕಾಯುವುದಿಲ್ಲ. ಹಾಗಾಗಿ ಆ ಗೊಬ್ಬರ ಹಾಕಿದ ಕುಂಡದಲ್ಲೆಲ್ಲ ಟೊಮೆಟೊ ಸಸಿ ತಾನಾಗಿ ಏಳುತ್ತದೆ. ಕಿತ್ತರಾಯಿತು. ಗೊಬ್ಬರ ಹಣ್ಣಾಗಲು ಎರಡು–ಮೂರು ತಿಂಗಳು ಬೇಕು, ಚಳಿಯಿದ್ದರೆ ಇನ್ನೂ ಹೆಚ್ಚು.

ಗೊಬ್ಬರದ ಗುಣ ಒಂದನ್ನೇ ನೋಡಿದರೆ ಎರಡನೆಯದು, ಪೆಟ್ಟಿಗೆಯಲ್ಲಿ ಸಾಕಿ ಕಸ ತಿನ್ನಿಸುವ ಎರೆಹುಳುವೇ ಮೇಲು. ಕಪ್ಪಗೆ, ಕಾಳುಕಾಳಾಗಿ, ಕೈಗೆ ಅಂಟದೆ ಉದುರುವ ಗೊಬ್ಬರ. ಎಳೆಯ ಬೇರನ್ನೂ ಸುಡುವುದಿಲ್ಲ. ಬೀಜ ಮೊಳೆಸುವ ಮಿಶ್ರಣಕ್ಕೆ ಕಾಲು ಭಾಗದಷ್ಟು ಇದನ್ನೇ ಬೆರೆಸುತ್ತೇನೆ, ಸಸಿಗಳ ಕಾಂಡ ಗಟ್ಟಿಯಾಗಿ ಬರುತ್ತದೆ. ಆದರೆ ಇದು ಜೀವ ಸಾಕುವ ಕೆಲಸ. ಬೇಕಾದ್ದು ಐಸೀನಿಯಾ ಫೆಟಿಡಾ ಎಂಬ ಕೆಂಪು ಹುಳು. ಅಂಗಳದ ಮಣ್ಣಗೆದು ತಂದ ಹುಳು ಪೆಟ್ಟಿಗೆಯಲ್ಲಿ ಬಾಳುವುದಿಲ್ಲ, ಅದಕ್ಕೆ ಆಳದ ಮಣ್ಣೇ ಬೇಕು. ಕೆಂಪು ಹುಳುವಿಗೆ 15ರಿಂದ 25 ಡಿಗ್ರಿ ಹಿತ, 35 ದಾಟಿದರೆ ಸಾಯತೊಡಗುತ್ತದೆ. ನಿಂಬೆ ಜಾತಿಯ ಸಿಪ್ಪೆ, ಈರುಳ್ಳಿ, ಉಪ್ಪು–ಎಣ್ಣೆ ಸೇರಿದ್ದು ಅದಕ್ಕೆ ಆಗದು. ಹಾಕಿದ್ದನ್ನು ತಿಂದು ಮುಗಿಸುವ ಮುಂಚೆ ಮತ್ತೆ ಸುರಿಯಬಾರದು, ಅಂದರೆ ಮನೆಯ ಕಸವಷ್ಟನ್ನೂ ಇದೊಂದೇ ತೆಗೆದುಕೊಳ್ಳುವುದಿಲ್ಲ. ಗೊಬ್ಬರ ತೆಗೆಯುವುದು ಮಾತ್ರ ಸುಲಭ: ಬೆಳಕಿಗೆ ಒಡ್ಡಿದರೆ ಹುಳುಗಳು ಕೆಳಗಿಳಿಯುತ್ತವೆ, ಮೇಲಿನ ಪದರವನ್ನು ಕೆರೆದುಕೊಂಡು ಮತ್ತೆ ಸ್ವಲ್ಪ ಕಾಯಬೇಕು.

ಬೊಕಾಶಿ ಜಪಾನಿನದು. ಗಾಳಿಯಾಡದ ಬಕೆಟ್ಟಿನಲ್ಲಿ ಕಸ ಒತ್ತಿ, ಲ್ಯಾಕ್ಟಿಕ್ ಆಮ್ಲ ಬ್ಯಾಕ್ಟೀರಿಯಾ ಇರುವ ತೌಡು ಉದುರಿಸಿ ಮುಚ್ಚಿಟ್ಟರೆ ಎರಡು ವಾರದಲ್ಲಿ ಹುಳಿ ಬರುತ್ತದೆ. ಬೇಯಿಸಿದ ಅನ್ನ, ಮೀನು, ಮಾಂಸ ಕೂಡ ಹಾಕಬಹುದು, ಬೇರೆರಡರಲ್ಲಿ ಈ ಅನುಕೂಲವಿಲ್ಲ. ಆದರೆ ಬಕೆಟ್ಟಿನಿಂದ ಹೊರಬರುವುದು ಗೊಬ್ಬರವಲ್ಲ. ಬಾಳೆಸಿಪ್ಪೆ ಬಾಳೆಸಿಪ್ಪೆಯಾಗಿಯೇ ಇರುತ್ತದೆ, ಹುಳಿ ಹಿಡಿದಿರುತ್ತದೆ ಅಷ್ಟೇ. ಅದನ್ನು ಮಣ್ಣಲ್ಲಿ ಹೂತು ಕನಿಷ್ಠ ಇನ್ನೆರಡು ವಾರ ಬಿಟ್ಟಮೇಲೆಯೇ ಗಿಡ ನೆಡಬೇಕು, ಇಲ್ಲದಿದ್ದರೆ ಆ ಹುಳಿ ಬೇರಿಗೆ ಪೆಟ್ಟು. ನೆಲವಿದ್ದವರಿಗೆ ಸರಿ, ಕುಂಡ ಮಾತ್ರ ಇರುವವರಿಗೆ ಅರ್ಧ ಕೆಲಸ ಬಾಕಿ ಉಳಿದಂತೆ.

ಹೊಸಬರು ಕಣ್ಣುಮುಚ್ಚಿ ಡಬ್ಬಿಯಿಂದಲೇ ಶುರು ಮಾಡಲಿ. ನಾಲ್ಕು ದಿನ ಊರಲ್ಲಿ ಇಲ್ಲದಿದ್ದರೂ ಅದಕ್ಕೆ ಏನೂ ಆಗುವುದಿಲ್ಲ, ಹದ ತಪ್ಪಿದರೆ ಒಂದು ಬುಟ್ಟಿ ಎಲೆಯಲ್ಲಿ ಸರಿಹೋಗುತ್ತದೆ. ಹದ ಕೈಗೆ ಹತ್ತಿದ ಮೇಲೆ, ಬೀಜದಿಂದಲೇ ಸಸಿ ಎಬ್ಬಿಸುವ ಆಸೆಯಿದ್ದರೆ, ನೆರಳಿರುವ ಮೂಲೆ ನೋಡಿ ಎರೆಹುಳುವಿನ ಪೆಟ್ಟಿಗೆ ಇಡಿ. ಅಂಗಳವಿದ್ದು ಬೇಯಿಸಿದ ಪದಾರ್ಥ ತುಂಬ ಉಳಿಯುವ ಮನೆಯಾದರೆ ಮಾತ್ರ ಬೊಕಾಶಿಯ ಬಕೆಟ್ಟು ತನ್ನಿ.