ಸ್ಟೋರ್ಡ್ ಪ್ರೊಸೀಜರ್ ಕೊಟ್ಟದ್ದನ್ನು ಯಾವ ಕ್ಲಾಸ್‌ಗೆ ತುಂಬಿಸೋದು? ಮಂಡಿ ಲೆಕ್ಕದಲ್ಲಿ ನಾನು ಮಾಡಿ ನೋಡಿದ್ದು

ಕೋಲಾರ ಎಪಿಎಂಸಿಯ ಒಂದು ಟೊಮೆಟೊ ಮಂಡಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೇನೆ. 15 ಕೆಜಿ ಬಾಕ್ಸ್ ಎಷ್ಟು ಬಂತು, ಹರಾಜಿನಲ್ಲಿ ಎಷ್ಟಕ್ಕೆ ಹೋಯಿತು, ರೈತರಿಗೆ ಕೊಡಬೇಕಾದ ಬಾಕಿ ಎಷ್ಟು ಅನ್ನೋದು ಅದರ ಕೆಲಸ. ಬಾಕಿ ಲೆಕ್ಕ ಹಾಕುವುದು ಎಸ್‌ಕ್ಯೂಎಲ್ ಸರ್ವರ್ ಡೇಟಾಬೇಸ್‌ನಲ್ಲಿರುವ ಒಂದು ಹಳೆ ಸ್ಟೋರ್ಡ್ ಪ್ರೊಸೀಜರ್, ಅಂದರೆ ಡೇಟಾಬೇಸ್‌ನಲ್ಲೇ ಬರೆದಿಟ್ಟ ಕೋಡ್. ಐಡಿ, ಹೆಸರು, ಊರು, ಬಾಕಿ, ಇಷ್ಟು ಕಾಲಂ ಕೊಡುತ್ತದೆ. ವೆಬ್ಬಿಗೂ ಮೊಬೈಲಿಗೂ ಹಂಚಿಕೊಂಡ ‘ರೈತ’ ಕ್ಲಾಸ್ ಮೊದಲೇ ಇತ್ತು. ಅದಕ್ಕೇ ತುಂಬಿಸೋಣ ಅಂತ ಹೊರಟೆ.

ಮೊದಲು ನೋಡಿದ್ದು ಎಂಟಿಟಿ ಫ್ರೇಮ್‌ವರ್ಕ್ ಕೋರ್‌ನ (ಟೇಬಲ್‌ಗಳನ್ನು ಕ್ಲಾಸ್‌ಗಳಿಗೆ ಜೋಡಿಸುವ ಡಾಟ್‌ನೆಟ್ ಲೈಬ್ರರಿ) ಫ್ರಮ್‌ಎಸ್‌ಕ್ಯೂಎಲ್. ಫೋನ್ ನಂಬರ್ ಕಾಲಂ ಇಲ್ಲ ಅಂತ ಎರರ್ ಬಂತು. ಕ್ಲಾಸ್‌ನಲ್ಲಿ ಮ್ಯಾಪ್ ಆದ ಎಲ್ಲ ಕಾಲಮ್ಮೂ ಅದಕ್ಕೆ ಬೇಕೇ ಬೇಕು. ಎಲ್ಲವನ್ನೂ ಸೇರಿಸಿ ಕೊಟ್ಟೆ. ಈಗ ಬಾಕಿಗೆ ಜಾಗ ಇಲ್ಲ. ‘ಬಾಕಿ’ ಅಂತ ಪ್ರಾಪರ್ಟಿ ಸೇರಿಸಿ ನಾಟ್‌ಮ್ಯಾಪ್ಡ್ (ಇದು ಟೇಬಲ್‌ನದ್ದಲ್ಲ ಅನ್ನುವ ಗುರುತು) ಹಾಕಿದರೆ ಅದನ್ನು ತುಂಬಿಸುವುದೇ ಇಲ್ಲ. ಆ ಗುರುತು ತೆಗೆದರೆ ಮೈಗ್ರೇಶನ್ (ಕ್ಲಾಸ್ ಬದಲಾದಂತೆ ಟೇಬಲ್‌ಗಳನ್ನೂ ಬದಲಿಸುವ ಸೌಲಭ್ಯ) ನೇರವಾಗಿ ರೈತರ ಟೇಬಲ್‌ಗೇ ಬಾಕಿ ಕಾಲಂ ಸೇರಿಸಲು ಹೋಗುತ್ತದೆ. ಜೊತೆಗೆ ಟ್ರ್ಯಾಕಿಂಗ್, ಅಂದರೆ ಲೋಡ್ ಆದ ಆಬ್ಜೆಕ್ಟ್‌ಗಳನ್ನು ನೆನಪಿಟ್ಟುಕೊಳ್ಳುವುದರ ಕಾಟ: ಅದೇ ಕಾಂಟೆಕ್ಸ್ಟ್‌ನಲ್ಲಿ (ಡೇಟಾಬೇಸ್ ಜೊತೆಗಿನ ಒಂದು ಸೆಷನ್) ಆ ರೈತ ಮೊದಲೇ ಲೋಡ್ ಆಗಿದ್ದರೆ ಹಳೆಯ ಆಬ್ಜೆಕ್ಟೇ ವಾಪಸ್ ಬರುತ್ತದೆ. ಪ್ರೊಸೀಜರ್ ತಂದ ಹೊಸ ವ್ಯಾಲ್ಯೂ ಅದರೊಳಗೆ ಸೇರುವುದಿಲ್ಲ. ಈ ದಾರಿ ಬಿಟ್ಟೆ.

‘ರೈತ’ದಿಂದ ‘ರೈತಬಾಕಿ’ಯನ್ನು ಇನ್‌ಹೆರಿಟ್ ಮಾಡಿ ಮಾಡೆಲ್‌ಗೆ ಸೇರಿಸಿದೆ. ಟೇಬಲ್‌ಗೆ, ಯಾವ ಸಾಲು ಯಾವ ಕ್ಲಾಸ್‌ನದ್ದು ಅಂತ ಹೇಳುವ ಡಿಸ್ಕ್ರಿಮಿನೇಟರ್ ಕಾಲಂ ಬಂದು ಕೂತಿತು. ಅದನ್ನೂ ಬಿಟ್ಟೆ.

ಕೀ ಇಲ್ಲದ ಎಂಟಿಟಿ (ಗುರುತಿನ ಕಾಲಂ ಬೇಡದೆ ಮಾಡೆಲ್‌ಗೆ ಸೇರಿಸುವ ಕ್ಲಾಸ್) ಪರವಾಗಿಲ್ಲ. ಬೇರೆಯೇ ಕ್ಲಾಸ್, ಟ್ರ್ಯಾಕಿಂಗ್ ಇಲ್ಲ. ಆದರೆ ಅದನ್ನು ರಿಜಿಸ್ಟರ್ ಮಾಡುವಾಗ ಟುವ್ಯೂ ಮೆಥಡ್‌ಗೆ ನಲ್ ಕೊಡದಿದ್ದರೆ ಮೈಗ್ರೇಶನ್ ಅದಕ್ಕೂ ಟೇಬಲ್ ಮಾಡುತ್ತದೆ. ಒಂದೊಂದು ರಿಪೋರ್ಟ್‌ಗೂ ಹೀಗೆ ರಿಜಿಸ್ಟರ್ ಮಾಡುತ್ತಾ ಕೂರೋದು ಬೇಜಾರು, ಅಲ್ವಾ?

2023ರ ನವೆಂಬರ್‌ನಲ್ಲಿ ಬಂದ ಎಂಟಿಟಿ ಫ್ರೇಮ್‌ವರ್ಕ್ ಕೋರ್‌ನ 8ನೇ ಆವೃತ್ತಿ ಇದನ್ನು ತಪ್ಪಿಸಿತು. ಅದರ ಎಸ್‌ಕ್ಯೂಎಲ್‌ಕ್ವೆರಿ ಮೆಥಡ್‌ಗೆ ಈಗ ಯಾವ ಕ್ಲಾಸ್ ಕೊಟ್ಟರೂ ನಡೆಯುತ್ತದೆ, ಮಾಡೆಲ್‌ನಲ್ಲಿ ಹೆಸರು ಬರೆಸಬೇಕಿಲ್ಲ. ಕಾಲಂ ತಪ್ಪಿದರೆ ಎರರ್ ಕೊಡುತ್ತದೆ. ನನಗೆ ಬೇಕಿದ್ದುದೇ ಅದು. ಒಂದು ಎಚ್ಚರ: ಪ್ರೊಸೀಜರ್ ಮೇಲೆ ನೇರವಾಗಿ ವೇರ್, ಫಸ್ಟ್‌ನಂಥ ಸೋಸುವ ಮೆಥಡ್ ಹಚ್ಚಬೇಡಿ. ಮೊದಲು ಲಿಸ್ಟ್ ಮಾಡಿಕೊಂಡು ಆಮೇಲೆ ಸೋಸಿ.

ಇದೇ ಕೆಲಸದ ಇನ್ನೊಂದು ಲೈಬ್ರರಿ ಡ್ಯಾಪರ್ ಹಗುರ, ಬರೆಯೋದು ಸಲೀಸು. ಬಾಕ್ಸ್ ಪಟ್ಟಿ ಮತ್ತು ಕೊಟ್ಟ ಅಡ್ವಾನ್ಸ್ ಎರಡನ್ನೂ ಒಂದೇ ಪ್ರೊಸೀಜರ್ ಕೊಡುವ ಕಡೆ ಅದರ ಕ್ವೆರಿಮಲ್ಟಿಪಲ್ ಬಿಟ್ಟರೆ ನನಗೆ ಬೇರೆ ಗತಿಯಿಲ್ಲ, ಎಸ್‌ಕ್ಯೂಎಲ್‌ಕ್ವೆರಿ ಒಂದೇ ಫಲಿತಾಂಶದ ಪಟ್ಟಿ (ಸೆಟ್) ಓದುತ್ತದೆ. ಆದರೆ ನನಗೆ ಪೆಟ್ಟು ಬಿದ್ದದ್ದೂ ಇಲ್ಲೇ. ಒಂದು ರಾತ್ರಿ ಪ್ರೊಸೀಜರ್‌ನಲ್ಲಿ ‘ಬಾಕಿ’ಯನ್ನು ‘ಬಾಕಿಮೊತ್ತ’ ಅಂತ ಬದಲಿಸಿದೆ, ಕ್ಲಾಸ್ ಮರೆತೆ. ಬೆಳಗ್ಗೆ ಆರಕ್ಕೆ ಮಂಡಿ ರೈಟರ್ ಫೋನ್: "ಅಣ್ಣಾ, ಎಲ್ಲರ ಬಾಕೀನೂ ಸೊನ್ನೆ ತೋರಿಸ್ತಾ ಇದೆ. ರೈತರು ಮುಂದೇನೇ ನಿಂತವ್ರೆ." ಡ್ಯಾಪರ್ ಹೊಂದದ ಕಾಲಂ ಕಂಡರೆ ಸುಮ್ನೆ ದಾಟಿಹೋಗುತ್ತದೆ. ಡೆಸಿಮಲ್ ಅಲ್ವಾ, ಸೊನ್ನೆಯಲ್ಲೇ ಉಳಿಯಿತು. ರಾತ್ರಿಯೆಲ್ಲ ಲಾರಿ ಕಾದು ಬಂದವರ ಎದುರು ಸೊನ್ನೆ ತೋರಿಸುವುದು ಚಿಕ್ಕ ತಪ್ಪಲ್ಲ.

ಈಗ ಫಲಿತಾಂಶದ ಕ್ಲಾಸ್‌ಗಳನ್ನೆಲ್ಲ, ಕನ್‌ಸ್ಟ್ರಕ್ಟರ್‌ನಲ್ಲೇ (ಆಬ್ಜೆಕ್ಟ್ ಹುಟ್ಟಿಸುವ ಕೋಡ್) ಎಲ್ಲ ವ್ಯಾಲ್ಯೂ ಕೇಳುವ ರೆಕಾರ್ಡ್ (ಡೇಟಾ ಹಿಡಿಯಲೆಂದೇ ಇರುವ ಬಗೆಯ ಕ್ಲಾಸ್) ಮಾಡಿ ಹಂಚಿಕೆಯ ಪ್ರಾಜೆಕ್ಟ್‌ನಲ್ಲಿ ಇಟ್ಟಿದ್ದೇನೆ. ಖಾಲಿ ಕನ್‌ಸ್ಟ್ರಕ್ಟರ್ ಇಲ್ಲದಿದ್ದರೆ ಡ್ಯಾಪರ್ ಕಾಲಮ್‌ಗಳ ಹೆಸರು, ಟೈಪ್, ಕ್ರಮ ಮೂರನ್ನೂ ಹೊಂದಿಸಿ ನೋಡುತ್ತದೆ. ಹೊಂದದಿದ್ದರೆ ಎರರ್. ಎಸ್‌ಕ್ಯೂಎಲ್‌ಕ್ವೆರಿಗೂ ಅದೇ ರೆಕಾರ್ಡ್ ಸಾಕು. ಒಂದೇ ಸೆಟ್ ಇದ್ದರೆ ಎಸ್‌ಕ್ಯೂಎಲ್‌ಕ್ವೆರಿ, ಎರಡಿದ್ದರೆ ಡ್ಯಾಪರ್. ಬೇಕೆಂದೇ ಕಾಲಂ ಹೆಸರು ಬದಲಿಸಿ ಮತ್ತೆ ಓಡಿಸಿ ನೋಡಿದೆ. ಸೊನ್ನೆ ಬರಲಿಲ್ಲ, ಕೆಂಪು ಅಕ್ಷರದಲ್ಲಿ ಎರರ್ ಬಂತು.