ಪರವಾನಗಿ ಪಡೆದ ಲೈಟ್‌ಸೇಬರ್ ಹಿಡಿ: ಕೊಟ್ಟ ಹಣಕ್ಕೆ ತಕ್ಕ ವಸ್ತುವೇ?

1977ರ 'ಸ್ಟಾರ್ ವಾರ್ಸ್' ಚಿತ್ರದಲ್ಲಿ ಲ್ಯೂಕ್ ಸ್ಕೈವಾಕರ್‌ಗೆ ತಂದೆಯ ಬಳುವಳಿಯಾಗಿ ಸಿಗುವ ಲೈಟ್‌ಸೇಬರಿನ, ಅಂದರೆ ಬೆಳಕಿನ ಅಲಗಿರುವ ಖಡ್ಗದ, ಹಿಡಿಯ ಪ್ರತಿಕೃತಿಯನ್ನು, ಅಧಿಕೃತ ಪರವಾನಗಿ ಪಡೆದ ತಯಾರಕರೊಬ್ಬರಿಂದ ಮೂರು ವರ್ಷಗಳ ಹಿಂದೆ ತರಿಸಿಕೊಂಡೆ. ಸಾಗಣೆ ಮತ್ತು ಸುಂಕ ಸೇರಿ ಅದರ ಬೆಲೆ ನಮ್ಮ ಮನೆಯ ಒಂದು ತಿಂಗಳ ಬಾಡಿಗೆಯನ್ನು ಮೀರಿತು. ಚಿಕ್ಕಂದಿನಿಂದ ಆಸೆಪಟ್ಟ ವಸ್ತುವಾದ್ದರಿಂದ ಆ ಹಣ ಕೊಡಲು ನಾನು ಹಿಂಜರಿಯಲಿಲ್ಲ.

ಈ ಹಿಡಿಯ ಮೂಲವನ್ನು ತಿಳಿದರೆ ಮಾತ್ರ ಪ್ರತಿಕೃತಿಯ ಬೆಲೆಯನ್ನು ಅಳೆಯಲು ಸಾಧ್ಯ. ಚಿತ್ರದ ಸೆಟ್ ಅಲಂಕಾರದ ಹೊಣೆ ಹೊತ್ತಿದ್ದ ರೋಜರ್ ಕ್ರಿಶ್ಚಿಯನ್ ಅವರಿಗೆ ಲಂಡನ್ನಿನ ಛಾಯಾಗ್ರಹಣ ಸಾಮಗ್ರಿಗಳ ಅಂಗಡಿಯೊಂದರಲ್ಲಿ ಗ್ರಾಫ್ಲೆಕ್ಸ್ ಕಂಪನಿಯ ಹಳೆಯ ಫ್ಲ್ಯಾಶ್‌ಗನ್ನಿನ (ಚಿತ್ರ ತೆಗೆಯುವಾಗ ಬೆಳಕು ಚಿಮ್ಮಿಸುವ ಉಪಕರಣದ) ಹಿಡಿಗಳು ದೊರೆತವು. ಮೂರು ದಪ್ಪ ಬ್ಯಾಟರಿ ಸೆಲ್ಲುಗಳು ಹಿಡಿಯುವ ಆ ಲೋಹದ ಕೊಳವೆಗೆ ಅವರು ಕಪ್ಪು ಪಟ್ಟಿಗಳನ್ನು ಅಂಟಿಸಿ, ನಡುವಿನ ಕ್ಲ್ಯಾಂಪಿನೊಳಗೆ ಕ್ಯಾಲ್ಕುಲೇಟರಿನಿಂದ ತೆಗೆದ ಗುಳ್ಳೆಗಳಂಥ ಮಸೂರದ ಪಟ್ಟಿಯನ್ನು ಕೂರಿಸಿದರು. ಇಡೀ ಜಗತ್ತು ಗುರುತಿಸುವ ಆಯುಧವೊಂದು ಹೀಗೆ ಹಳೆಯ ಸಾಮಾನುಗಳಿಂದ ಹುಟ್ಟಿತೆಂಬುದೇ ನನಗೆ ಅದರ ಮೇಲಿನ ಪ್ರೀತಿಗೆ ದೊಡ್ಡ ಕಾರಣ.

ನನಗೆ ಬಂದ ಪ್ರತಿಕೃತಿಯ ಪೆಟ್ಟಿಗೆ ಸೊಗಸಾಗಿತ್ತು, ಕ್ರಮಸಂಖ್ಯೆ ನಮೂದಿಸಿದ ಪ್ರಮಾಣಪತ್ರವೂ ಇತ್ತು, ಕೈಯಲ್ಲಿ ಹಿಡಿದಾಗಿನ ತೂಕವೂ ತೃಪ್ತಿಕರವಾಗಿತ್ತು. ಆದರೆ ಕ್ಲ್ಯಾಂಪ್ ತೆರೆಯುವುದಿಲ್ಲ, ಏಕೆಂದರೆ ಅದನ್ನು ಕೊಳವೆಯೊಡನೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ಯಲಾಗಿದೆ. ಗುಳ್ಳೆಗಳ ಪಟ್ಟಿಯೂ ಅದೇ ಎರಕದ ಭಾಗವಾಗಿದ್ದು, ಪಾರದರ್ಶಕವಾಗಿರುವುದರ ಬದಲು ಬಣ್ಣ ಬಳಿದುಕೊಂಡಿದೆ. ಹಿಡಿಯನ್ನು ತಿರುಗಿಸಿದರೆ ತಳದುದ್ದಕ್ಕೂ ಅಚ್ಚಿನ ಎರಡು ಭಾಗಗಳು ಕೂಡಿದ ಗೆರೆ ಬೆರಳಿಗೆ ತಗಲುತ್ತದೆ. ಎರಡನೆಯ ಮಳೆಗಾಲ ಕಳೆಯುವಷ್ಟರಲ್ಲಿ ಕೆಂಪು ಗುಂಡಿಯ ಸುತ್ತ ಹೊಳಪಿನ ಲೇಪ ಸಿಪ್ಪೆಯಂತೆ ಎದ್ದು, ಒಳಗಿನ ಬೂದು ಬಣ್ಣದ ಲೋಹ ಕಾಣಿಸಿಕೊಂಡಿತು. ತಯಾರಕರಿಗೆ ಚಿತ್ರಗಳ ಸಮೇತ ಪತ್ರ ಬರೆದಾಗ, ಖಾತರಿಯ ಅವಧಿ 90 ದಿನಗಳಿಗೆ ಮುಗಿದಿದೆಯೆಂಬ ಒಂದೇ ಸಾಲಿನ ಉತ್ತರ ಬಂತು.

ಪರವಾನಗಿಯೆಂದರೆ ಹೆಸರನ್ನೂ ರೂಪವನ್ನೂ ಬಳಸುವ ಹಕ್ಕು ಮಾತ್ರ. ಮೂಲ ವಸ್ತುವನ್ನು ಅಳತೆ ಮಾಡಿ ನಿಷ್ಠೆಯಿಂದ ತಯಾರಿಸಲಾಗಿದೆಯೆಂಬ ಭರವಸೆ ಅದರೊಳಗೆ ತಾನಾಗಿ ಬರುವುದಿಲ್ಲ. ಇದಕ್ಕೆ 'ಸ್ಟಾರ್ ವಾರ್ಸ್' ಚಿತ್ರದ ಬಿಳಿ ಕವಚದ ಸೈನಿಕ ಸ್ಟಾರ್ಮ್‌ಟ್ರೂಪರ್‌ನ ಶಿರಸ್ತ್ರಾಣದ ಮೊಕದ್ದಮೆಗಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ. ಮೊದಲ ಚಿತ್ರಕ್ಕೆ ಆ ಶಿರಸ್ತ್ರಾಣಗಳನ್ನು ತಯಾರಿಸಿಕೊಟ್ಟಿದ್ದ ಆಂಡ್ರ್ಯೂ ಐನ್ಸ್‌ವರ್ತ್ ಎಂಬ ಇಂಗ್ಲಿಷ್ ಕುಶಲಕರ್ಮಿ ಮುಂದೆ ಪರವಾನಗಿಯಿಲ್ಲದೆ ಅದರ ಪ್ರತಿಗಳನ್ನು ಮಾರತೊಡಗಿದಾಗ ಚಿತ್ರದ ನಿರ್ಮಾಣ ಕಂಪನಿಯಾದ ಲೂಕಸ್‌ಫಿಲ್ಮ್ ನ್ಯಾಯಾಲಯಕ್ಕೆ ಹೋಯಿತು. 2011ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟು, ಶಿರಸ್ತ್ರಾಣವು ಶಿಲ್ಪಕೃತಿಯಲ್ಲ, ಆದ್ದರಿಂದ ಅಲ್ಲಿನ ಕಾನೂನಿನಡಿ ಅದಕ್ಕೆ ಶಿಲ್ಪದ ಕೃತಿಸ್ವಾಮ್ಯ ಸಲ್ಲುವುದಿಲ್ಲ ಎಂದು ತೀರ್ಪಿತ್ತಿತು. ಅಮೆರಿಕದ ಹಕ್ಕುಗಳ ವಿಷಯದಲ್ಲಿ ಕಂಪನಿಯೇ ಗೆದ್ದಿತಾದರೂ, ಮೂಲವನ್ನು ಮಾಡಿದ ಕೈಗಳಿಂದಲೇ ಬಂದ ಪ್ರತಿಗೆ ಪರವಾನಗಿಯ ಮುದ್ರೆ ಇಲ್ಲದಿರಬಹುದೆಂಬುದು ಸಂಗ್ರಾಹಕರೆಲ್ಲ ಮನಸ್ಸಿನಲ್ಲಿಟ್ಟುಕೊಳ್ಳಬೇಕಾದ ಸಂಗತಿ.

ಹಾಗೆಂದು ಅಧಿಕೃತ ಪ್ರತಿಕೃತಿಗಳೆಲ್ಲ ದುಬಾರಿಯೆಂದು ನಾನು ಹೇಳಲಾರೆ. ವಾಂಡ್ ಕಂಪನಿ 2016ರಲ್ಲಿ ಹೊರತಂದ 'ಸ್ಟಾರ್ ಟ್ರೆಕ್' ಧಾರಾವಾಹಿಯ ಕಮ್ಯುನಿಕೇಟರನ್ನು (ಪಾತ್ರಗಳು ದೂರದವರೊಡನೆ ಮಾತನಾಡಲು ಬಳಸುವ ಕೈಸಾಧನವನ್ನು) ಗೆಳೆಯರ ಮನೆಯಲ್ಲಿ ಕೈಗೆತ್ತಿಕೊಂಡು ನೋಡಿದ್ದೇನೆ. ಧಾರಾವಾಹಿಯ ಮೂಲ ಪರಿಕರವನ್ನೇ ಸ್ಕ್ಯಾನ್ ಮಾಡಿ ರೂಪಿಸಿದ ಅದು ಬ್ಲೂಟೂತ್ ಮೂಲಕ ಮೊಬೈಲಿಗೆ ಜೋಡಣೆಯಾಗಿ ನಿಜವಾಗಿಯೂ ಮಾತನಾಡಿಸುತ್ತದೆ. ಮುಚ್ಚಳವನ್ನು ಚಿಮ್ಮಿಸಿ ತೆರೆದಾಗ ಒಳಗಿನ ವೃತ್ತದ ವಿನ್ಯಾಸ ತಿರುಗುತ್ತದೆ. ಬಿಡುಗಡೆಯ ಹೊತ್ತಿಗೆ ಸುಮಾರು 150 ಡಾಲರಿದ್ದ ಆ ಬೆಲೆಗೆ ಅದು ಪೂರ್ಣವಾಗಿ ತಕ್ಕುದು.

ಕೆಲವರು ಪ್ರತಿಕೃತಿಯ ಗೊಡವೆಯೇ ಬೇಡವೆಂದು ನಿಜವಾದ ಗ್ರಾಫ್ಲೆಕ್ಸ್ ಹಿಡಿಗಳನ್ನೇ ಹುಡುಕಿ ಕೊಳ್ಳುತ್ತಾರೆ. ಒಂದು ಕಾಲಕ್ಕೆ ಪತ್ರಿಕಾ ಛಾಯಾಗ್ರಾಹಕರ ಕೈಯಲ್ಲಿ ದುಡಿದ ಆ ಉಪಕರಣಗಳನ್ನು ಹೀಗೆ ಕ್ಯಾಮೆರಾದಿಂದ ಬೇರ್ಪಡಿಸಿ ಕೊರೆಯುವುದು ನನಗೆ ಸಂಕಟ ತರುತ್ತದೆ, ಆ ದಾರಿಯನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ಒಳ್ಳೆಯ ಪ್ರತಿಕೃತಿಗಳು ಬೇಕಾಗಿರುವುದೂ ಈ ಕಾರಣಕ್ಕಾಗಿಯೇ.

ಕೊಳ್ಳುವ ಮುನ್ನ ಮಾರುವವರಲ್ಲಿ ಅಳತೆ ಯಾವ ಮೂಲದಿಂದ ಬಂತು, ಭಾಗಗಳು ಬಿಡಿಯಾಗಿವೆಯೇ, ಲೇಪದ ಕೆಳಗೆ ಯಾವ ಲೋಹವಿದೆ ಎಂದು ಬರಹದಲ್ಲೇ ಕೇಳಿ ಉತ್ತರ ಪಡೆಯಿರಿ. ಪ್ರಮಾಣಪತ್ರದ ಸಂಖ್ಯೆ ಮರುಮಾರಾಟಕ್ಕೆ ನೆರವಾಗಬಹುದೇ ಹೊರತು ವಸ್ತುವಿನ ಗುಣವನ್ನು ಹೆಚ್ಚಿಸದು. ನನ್ನ ಬಳಿಯಿರುವ ಹಿಡಿಗೆ ನಾನು ಕೊಟ್ಟದ್ದರ ಅರ್ಧ ಬೆಲೆ ಮಾತ್ರ ನ್ಯಾಯವೆಂದು ಈಗ ಅನ್ನಿಸುತ್ತದೆ.